ಇಪ್ಪತ್ತೆರಡು ಜೇನುಪೆಟ್ಟಿಗೆ, ಒಂದು ಹಳೆಯ ಲಾರಿ

ಬೆಳಗಿನ ಐದೂವರೆಗೆ ಸೋಮವಾರಪೇಟೆ ಬಿಟ್ಟೆವು. ಲಾರಿಯ ಹಿಂದೆ ಇಪ್ಪತ್ತೆರಡು ಜೇನುಪೆಟ್ಟಿಗೆ, ಮುಂದೆ ನಾನು ಮತ್ತು ಡ್ರೈವರ್ ಮೊಯ್ದಣ್ಣ. ಮಾದಾಪುರ, ಸುಂಟಿಕೊಪ್ಪ, ಚೆಟ್ಟಳ್ಳಿ ದಾಟಿ ನೆಲ್ಯಹುದಿಕೇರಿಯ ಒಂದು ಎಸ್ಟೇಟಿಗೆ ಹೋಗಬೇಕಿತ್ತು. ಐವತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಎರಡು ಗಂಟೆಯ ದಾರಿ. ಆ ದಿನ ನಮಗೆ ಆರು ಗಂಟೆ ಹಿಡಿಯಿತು.

ಹಿಂದಿನ ಸಂಜೆ ಎಸ್ಟೇಟಿನ ರೈಟರ್ ಫೋನ್ ಮಾಡಿದ್ದರು. “ಟೀಚರೇ, ರೋಬಸ್ಟಾ ಪೂರ್ತಿ ಬಿಳಿ ಆಗಿದೆ. ನಾಳೆ ಬಾಕ್ಸ್ ಬಂದ್ರೆ ಬಂತು, ಆಮೇಲೆ ಬಂದು ಪ್ರಯೋಜನ ಇಲ್ಲ.” ಕಾಫಿ ಹೂವಿನ ಆಯುಸ್ಸು ಎರಡು ಮೂರು ದಿನ. ಶಾಲೆಯಿಂದ ನಿವೃತ್ತಳಾದ ಮೇಲೆ ಜೇನು ಸಾಕುವ ನನಗೆ ವರ್ಷದ ಹಬ್ಬವೆಂದರೆ ಆ ದಿನಗಳೇ.

ಜೇನನ್ನು ಸಾಗಿಸುವ ಮುನ್ನ, ಹುಳುಗಳೆಲ್ಲ ಒಳಸೇರಿದ ಮೇಲೆ ಬಾಗಿಲಿಗೆ ತಂತಿಜಾಲರಿ ಹೊಡೆದು, ಪೆಟ್ಟಿಗೆಯ ಬಿರುಕುಗಳಿಗೆ ಮೇಣ ಮೆತ್ತಬೇಕು. ಒಂದು ಬಿರುಕು ಉಳಿದರೂ ದಾರಿಯಲ್ಲಿ ಹುಳುಗಳು ಹೊರಬಂದು ಡ್ರೈವರನ ಕಿವಿ ಹುಡುಕುತ್ತವೆ. ಫೋನ್ ಬಂದ ಸಂಜೆಯೇ ಎಲ್ಲವನ್ನೂ ನಾನೇ ಮುಚ್ಚಿದೆ. ಒಂದನೇ ನಂಬರಿನ ಪೆಟ್ಟಿಗೆಗೆ ಮಾತ್ರ ಎರಡು ಪಟ್ಟು ಮೇಣ. ಅದು ಹಲಸಿನ ಹಲಗೆಯ ಹಳೆಯ ಪೆಟ್ಟಿಗೆ. ಹಿಂದೊಮ್ಮೆ ರೋಗ ಬಂದು ನನ್ನ ಜೇನೆಲ್ಲ ಸತ್ತಾಗ ಬದುಕಿ ಉಳಿದದ್ದು ಅದೊಂದೇ ಕುಟುಂಬ. ಮಿಕ್ಕ ಇಪ್ಪತ್ತೊಂದೂ ಅದರ ಮಕ್ಕಳು, ಮೊಮ್ಮಕ್ಕಳು. ಅದರ ನೆತ್ತಿಯ ಗಾಳಿಕಿಂಡಿಯ ಜಾಲರಿ ಹರಿದಿತ್ತು. ಅದನ್ನೂ ಮುಚ್ಚಿದೆ.

ಇನ್ನೂ ಒಂದು ಉಂಡೆ ಮೇಣ ಕೈಯಲ್ಲಿತ್ತು. ನನಗೆ ತೂತು ಕಂಡರೆ ಕೈ ಸುಮ್ಮನಿರುವುದಿಲ್ಲ. ಅಂಗಳದಲ್ಲಿ ನಿಂತಿದ್ದ ಲಾರಿಯ ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿ ಸಣ್ಣದೊಂದು ತೂತು ಕಾಣಿಸಿತು. ಮೋಡ ಬೇರೆ ಕಟ್ಟಿತ್ತು. ಮಳೆನೀರು ಇಳಿದೀತೆಂದು ಆ ಕಪ್ಪು ಮೇಣವನ್ನು ಅಲ್ಲಿ ಒತ್ತಿ, ಹೆಬ್ಬೆರಳಿನಿಂದ ನೀವಿದೆ. ಮೊಯ್ದಣ್ಣನಿಗೆ ಹೇಳಲಿಲ್ಲ. ಉಪಕಾರ ಮಾಡಿ ಹೇಳಿಕೊಳ್ಳುವ ಜಾಯಮಾನ ನನ್ನದಲ್ಲ.

ಹೊರಟಾಗ ಮಂಜು ರಸ್ತೆಯ ಮೇಲೇ ಮಲಗಿತ್ತು. ಲಾರಿಯ ಬೆಳಕು ಹತ್ತು ಮಾರು ಹೋಗಿ ಕರಗುತ್ತಿತ್ತು. ಬೆನ್ನ ಹಿಂದೆ ಜೇನಿನ ಗುಂಜಾರವ, ಕಾಲಡಿಯಲ್ಲಿ ಎಂಜಿನ್ನಿನ ಗುಡುಗುಡು. ಎರಡೂ ಸೇರಿ ಒಂದೇ ಸದ್ದಾಗಿ ನನ್ನನ್ನು ತೂಗುತ್ತಿತ್ತು. ದಾರಿಯ ತೋಟಗಳಲ್ಲಿ ಆಗಲೇ ಹೂ ಬಿಟ್ಟಿತ್ತು. ಕಣ್ಣಿಗೆ ಏನೂ ಕಾಣದು, ಪರಿಮಳ ಮಾತ್ರ ಕಿಟಕಿಯಿಂದ ಒಳಬಂದು ಮಡಿಲಲ್ಲಿ ಕೂತಂತಿತ್ತು. ನಿದ್ದೆಯೋ ಎಚ್ಚರವೋ ಹೇಳಲಾರೆ, ಬಿಳಿಯ ನೀರಿನೊಳಗೆ ಹೋಗುತ್ತಿದ್ದೇವೆ ಅನ್ನಿಸುತ್ತಿತ್ತು.

ಮಾದಾಪುರ ಹತ್ತಿರವಾದಾಗ ಎಂಜಿನ್ನಿನ ದನಿ ಒಮ್ಮೆ ಏರಿತು, ಒಮ್ಮೆ ಇಳಿಯಿತು, ಮತ್ತೆ ಏರಿ ಆರಿಹೋಯಿತು. ಲಾರಿ ನಿಂತಿತು. ಆದರೆ ಗುಂಜಾರವ ನಿಲ್ಲಲಿಲ್ಲ. ಎಂಜಿನ್ ಇನ್ನೂ ಓಡುತ್ತಿದೆಯೆಂದು ಒಂದು ಕ್ಷಣ ನಂಬಿ ಕೂತಿದ್ದೆ.

“ನೀರು ಸೇರಿದ್ದುಂಟು ಟೀಚರೇ,” ಎಂದರು ಮೊಯ್ದಣ್ಣ. “ರಾತ್ರಿ ನಾಲ್ಕು ಹನಿ ಬಿತ್ತಲ್ಲ.”

ನೀರು ಸೇರಲು ಸಾಧ್ಯವೇ ಇಲ್ಲವೆಂದು ನನಗೆ ಗೊತ್ತಿತ್ತು. ತೂತು ನಾನೇ ಮುಚ್ಚಿದ್ದೆನಲ್ಲ. ಅವರು ಫಿಲ್ಟರಿನ ತಳದ ತಿರುಪು ಸಡಿಲಿಸಿ ಅಂಗೈಗೆ ಡೀಸೆಲ್ ಬಿಟ್ಟುಕೊಂಡು ನೋಡಿದರು. ನೀರಿನ ಹನಿಯಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಕೋಲು ಅದ್ದಿದರು. ಡೀಸೆಲ್ ಅರ್ಧಕ್ಕಿಂತ ಮೇಲಿತ್ತು. ಡೀಸೆಲ್ ಮೇಲೆಳೆಯುವ ಕೈಪಂಪನ್ನು ಹತ್ತಿಪ್ಪತ್ತು ಸಲ ಒತ್ತಿ ಚಾಲೂ ಮಾಡಿದರು. ಲಾರಿ ಏನೂ ಆಗದಂತೆ ಹೊರಟಿತು.

ಸುಂಟಿಕೊಪ್ಪದಲ್ಲಿ ಹೋಟೆಲಿಗೆ ಇಳಿಯದೆ ತಿಂಡಿಗೆಂದು ಪುಟ್ಟು, ಕಡಲೆ ಕಟ್ಟಿಸಿಕೊಂಡೆವು. ಎಂಜಿನ್ ಆರಿಸಲು ಮೊಯ್ದಣ್ಣ ಒಪ್ಪಲಿಲ್ಲ. ನಿಂತಲ್ಲೇ ಅದು ಮತ್ತೆ ಏರಿಳಿಯತೊಡಗಿತು. ಎಂಜಿನ್ನಿನ ವೇಗ ಹೊಂದಿಸುವ ಐಡಲ್ ಸ್ಕ್ರೂ ಒಂದು ಸುತ್ತು ತಿರುಗಿಸಿದರು. ಸದ್ದು ಜೋರಾಯಿತೇ ಹೊರತು ಗುಣವಾಗಲಿಲ್ಲ. ಚೆಟ್ಟಳ್ಳಿಯ ಏರಿನಲ್ಲಿ ಎರಡನೇ ಸಲ ನಿಂತಿತು. ಈ ಸಲ ಹೊಸ ಫಿಲ್ಟರ್ ಹಾಕಿದರು. ಅದನ್ನು ತುಂಬಿಸಲು ಟ್ಯಾಂಕಿನ ಮುಚ್ಚಳ ತೆಗೆದು ಪೈಪಿನಲ್ಲಿ ಡೀಸೆಲ್ ಎಳೆದರು. ಪೈಪುಗಳಲ್ಲಿ ಗಾಳಿ ಸೇರಿದೆಯೆಂದು ಒಂದೊಂದೇ ನಟ್ಟು ಸಡಿಲಿಸಿ, ನೊರೆ ನಿಲ್ಲುವವರೆಗೂ ಪಂಪು ಒತ್ತಿದರು. ಒಂದು ಗಂಟೆ ಹೋಯಿತು. ಮತ್ತೆ ಚಾಲೂ ಆಯಿತು.

“ಹಳೇದಾಯ್ತು ಟೀಚರೇ. ಅದಕ್ಕೂ ಮನಸ್ಸು ಬೇಕಲ್ಲ.”

“ನಾನೂ ಹಳೇದಾಗಿದ್ದೀನಿ ಮೊಯ್ದಣ್ಣ, ಆದ್ರೂ ಬರ್ತಿಲ್ವಾ,” ಎಂದೆ. ಅವರಿಗೆ ಕೇಳಿಸಲಿಲ್ಲ. ನಲವತ್ತು ವರ್ಷ ಎಂಜಿನ್ನಿನ ಪಕ್ಕ ಕೂತು ಅವರ ಕಿವಿ ಮಂದವಾಗಿದೆ.

ಅಭ್ಯತ್‌ಮಂಗಲ ದಾಟಿದ ಮೇಲೆ ಮೂರನೇ ಸಲ ನಿಂತಿತು. ಗಂಟೆ ಹತ್ತು. ಮಂಜು ಹೋಗಿತ್ತು. ಎರಡೂ ಬದಿಯಲ್ಲಿ ತೋಟ ಬೆಳ್ಳಗೆ ಹೂವು ಹೊದ್ದು ನಿಂತಿತ್ತು. ಅಂಥ ಚೆಂದವನ್ನು ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಿಸಿಲು ಪೆಟ್ಟಿಗೆಗಳ ಮೇಲೆ ನೇರ ಬಿದ್ದಿತ್ತು. ಒಳಗಿನ ಗುಂಜಾರವ ಕುದಿಯುವ ನೀರಿನಂತೆ ಜೋರಾಗಿತ್ತು. ಸೆಕೆ ಹೆಚ್ಚಿದರೆ ಮೇಣದ ಎರಿ ಕರಗಿ ಹುಳುಗಳು ತಮ್ಮ ಜೇನಿನಲ್ಲೇ ಮುಳುಗಿ ಸಾಯುತ್ತವೆ. ನನಗೆ ಅಳು ಬಂತು.

ಮೊಯ್ದಣ್ಣ ಲಾರಿಯಡಿ ನುಸುಳಿದರು. “ಪಂಪೇ ಹೋಗಿದೆ. ಬಿಚ್ಚಿ ಸಿದ್ದಾಪುರಕ್ಕೆ ಒಯ್ಯಬೇಕು. ವಾಪಸ್ ಬರುವಾಗ ಮೂರು ಗಂಟೆ ಆಗ್ತದೆ. ಟೀಚರೇ, ಟ್ಯಾಂಕಿನ ಮುಚ್ಚಳ ತೆಗೆದು ಡೀಸೆಲ್ ಎಷ್ಟುಂಟು ನೋಡಿ.”

ಮುಚ್ಚಳ ಅಂಟಿಕೊಂಡಂತಿತ್ತು. ಸೆರಗು ಸುತ್ತಿ ತಿರುಗಿಸಿದೆ. ಉಸ್ಸೆಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ನೀರಿನಡಿಯಿಂದ ಮೇಲೆದ್ದವರು ಎಳೆದುಕೊಳ್ಳುವ ಉಸಿರು ಅದು. ಮುಚ್ಚಳವನ್ನು ಕಣ್ಣ ಹತ್ತಿರ ಹಿಡಿದು ನೋಡಿದೆ. ನನ್ನ ಹೆಬ್ಬೆರಳಿನ ಗುರುತು ಮೇಣದ ಮೇಲೆ ಹಾಗೇ ಇತ್ತು.

ತಲೆಯ ಪಿನ್ನು ತೆಗೆದು ಮೇಣ ಕೆರೆದು ಬಿಸಾಡಿ ಸುಮ್ಮನಿದ್ದುಬಿಡಬಹುದಿತ್ತು. ಹಾಗೆ ಮಾಡಬೇಕೆಂದು ಅನ್ನಿಸಿತೂ ಕೂಡ. ಆದರೆ ಕೆಳಗೆ ಸ್ಪ್ಯಾನರಿನ ಸದ್ದು ಶುರುವಾಗಿತ್ತು. ಬಗ್ಗಿ ಜೋರಾಗಿ ಹೇಳಿದೆ, “ಮೊಯ್ದಣ್ಣ, ಪಂಪು ಬಿಚ್ಬೇಡಿ. ಮುಚ್ಚಳದ ತೂತಿಗೆ ನಾನು ಮೇಣ ಹಾಕಿದ್ದೆ.”

ಅವರು ಹೊರಬಂದು ಮುಚ್ಚಳ ನೋಡಿದರು, ನನ್ನನ್ನು ನೋಡಿದರು.

“ಅದು ಅದರ ಮೂಗು ಟೀಚರೇ. ಡೀಸೆಲ್ ಇಳಿದಷ್ಟು ಗಾಳಿ ಒಳಗೆ ಹೋಗಬೇಕು. ಇಲ್ಲದಿದ್ದರೆ ಪಂಪು ಎಷ್ಟು ಎಳೆದರೂ ಬರುವುದಿಲ್ಲ.” ಬೈಯಲಿಲ್ಲ. ಅರವತ್ತು ದಾಟಿದವಳನ್ನು ನಡುರಸ್ತೆಯಲ್ಲಿ ಯಾರು ತಾನೇ ಬೈದಾರು. ನಾಚಿಕೆಯಿಂದ ತಲೆ ತಗ್ಗಿಸಿ ಮೇಣ ಕೆರೆಯುತ್ತಿದ್ದಾಗ ಒಮ್ಮೆಲೇ ಹೊಳೆಯಿತು. ಇದೇ ಕೈ ಒಂದನೇ ನಂಬರಿನ ನೆತ್ತಿಯನ್ನೂ ಮುಚ್ಚಿತ್ತು.

ಚಕ್ರದ ಮೇಲೆ ಕಾಲಿಟ್ಟು ಹತ್ತಿದೆ. ಬೇರೆ ಪೆಟ್ಟಿಗೆಗಳು ಕೂಗುತ್ತಿದ್ದವು. ಹಲಸಿನ ಪೆಟ್ಟಿಗೆಗೆ ಕಿವಿ ಕೊಟ್ಟರೆ ದೂರದಲ್ಲಿ ಯಾರೋ ನರಳಿದಂಥ ತೆಳು ಸದ್ದು. ಅದೇ ಪಿನ್ನಿನಿಂದ ಗಾಳಿಕಿಂಡಿಯ ಮೇಣ ಕಿತ್ತೆ. ಬಿಸಿ ಹಬೆ ಮುಖಕ್ಕೆ ಬಡಿಯಿತು. ಸೆರಗಿನ ತುದಿ ಹರಿದು ಕಿಂಡಿಗೆ ಕಟ್ಟಿ, ಬಾಟಲಿಯಲ್ಲಿದ್ದ ನೀರನ್ನೆಲ್ಲ ಮೇಲೆ ಚಿಮುಕಿಸಿದೆ. ಲಾರಿ ನಿಲ್ಲದೆ ನೆಟ್ಟಗೆ ಹೋಗಿದ್ದರೆ ನಾನು ಆ ಪೆಟ್ಟಿಗೆಯನ್ನು ತಟ್ಟಿಯೂ ನೋಡುತ್ತಿರಲಿಲ್ಲ.

ಆಮೇಲೆ ಲಾರಿ ಎಲ್ಲಿಯೂ ನಿಲ್ಲಲಿಲ್ಲ. ಹನ್ನೊಂದೂವರೆಗೆ ಎಸ್ಟೇಟಿನ ನೆರಳಿನಲ್ಲಿ ಪೆಟ್ಟಿಗೆ ಇಳಿಸಿ ಜಾಲರಿ ತೆಗೆದೆವು. ಇಪ್ಪತ್ತೊಂದು ಪೆಟ್ಟಿಗೆಯ ಹುಳುಗಳು ಹೊರನುಗ್ಗಿ ಹೂವಿನೊಳಗೆ ಮಾಯವಾದವು. ಒಂದನೇ ನಂಬರಿನ ಬಾಗಿಲಿಗೆ ಯಾರೂ ಬರಲಿಲ್ಲ.

“ಅದನ್ನ ಬಿಡಿ ಟೀಚರೇ, ಹೋಗಿರಬೇಕು,” ಎಂದರು ರೈಟರ್.

ಮೊಯ್ದಣ್ಣನಿಗೆ ಕುಶಾಲನಗರದಲ್ಲಿ ಇನ್ನೊಂದು ಬಾಡಿಗೆ ಕಾದಿತ್ತು. ಆದರೂ ಅವರು ಹೊರಡಲಿಲ್ಲ; ಟವಲು ಹಾಸಿ ಪೆಟ್ಟಿಗೆಯ ಎದುರು ಕೂತರು. ನಾನೂ ಕೂತೆ. ಪುಟ್ಟಿನ ಪೊಟ್ಟಣ ಬಿಚ್ಚದೆ ಹಾಗೇ ಇತ್ತು. ಹೂವಿನ ಬಿಳುಪಿಗೆ ಕಣ್ಣು ಮಂಕಾಗಿ, ಎಷ್ಟು ಹೊತ್ತು ಹೋಯಿತೋ ತಿಳಿಯಲಿಲ್ಲ. ಕೊನೆಗೆ ಒಂದೇ ಒಂದು ಹುಳು ತೆವಳಿಕೊಂಡು ಬಾಗಿಲಿಗೆ ಬಂತು. ಹಾರಲಿಲ್ಲ. ಅಲ್ಲೇ ಕಾಲೂರಿ ನಿಂತು ರೆಕ್ಕೆ ಬಡಿಯುತ್ತ ಒಳಗಿನವರಿಗೆ ಗಾಳಿ ಬೀಸತೊಡಗಿತು. ಅದರ ಪಕ್ಕಕ್ಕೆ ಇನ್ನೊಂದು ಬಂತು. ಮೊಯ್ದಣ್ಣ ಎದ್ದು ಟವಲು ಕೊಡವಿದರು.

ವಾಪಸು ಹೊರಟಾಗ ಎಂಜಿನ್ ಒಂದೇ ಶ್ರುತಿಯಲ್ಲಿ ಓಡುತ್ತಿತ್ತು. ಎಸ್ಟೇಟಿನ ಗೇಟಿನಲ್ಲಿ ನಿಲ್ಲಿಸಲು ಹೇಳಿದೆ. ತಿರುಗಿ ನೋಡಿದರೆ ಪೆಟ್ಟಿಗೆಗಳು ಕಾಣಲಿಲ್ಲ, ಬರೀ ಹೂವು. ಇಳಿದು ಹೋಗಿ ಟ್ಯಾಂಕಿನ ಮುಚ್ಚಳದ ಮೇಲೆ ಬೆರಳಾಡಿಸಿದೆ. ತೂತು ತೆರೆದೇ ಇತ್ತು.