ಸೋರದ ಕಟ್ಟ

ಬೆಳ್ತಂಗಡಿ ಕೋರ್ಟಿನಲ್ಲಿ ನಾನು ವಕೀಲಿ ಶುರುಮಾಡಿ ಎರಡು ವರ್ಷವಾಗಿತ್ತು. ಮಳೆ ಬೇಗ ಕೈಕೊಟ್ಟ ವರ್ಷ ಕಳೆದು ಬಂದ ಜನವರಿಯಲ್ಲಿ ಚಾರ್ಮಾಡಿ ಕಡೆಯ ಒಂದು ಹೊಡೆದಾಟದ ಕೇಸ್ ಬಂತು. 'ಬರಗಾಲ ರೈತರನ್ನು ಊರು ಬಿಡಿಸುತ್ತದೆ' ಎಂಬ ವಿಷಯಕ್ಕೆ ಕಾಲೇಜಿನಲ್ಲಿ ಒಮ್ಮೆ ಪರವಾಗಿ, ಒಮ್ಮೆ ವಿರೋಧವಾಗಿ ವಾದಿಸಿ ಎರಡು ಸಲವೂ ಗೆದ್ದವನು ನಾನು. ಎರಡೂ ವಾದ ಪೊಳ್ಳು ಎಂದು ಈ ಕೇಸ್ ತೋರಿಸಿತು.

ಬಾಬು ಗೌಡ ಮತ್ತು ಅವನ ತಮ್ಮ ದೇಜಪ್ಪನ ಗದ್ದೆಗಳಿಗೆ ಒಂದೇ ತೋಡಿನ, ಅಂದರೆ ಸಣ್ಣ ಹಳ್ಳದ, ನೀರು. ತಮ್ಮನ ಗದ್ದೆ ಮೇಲೆ, ಅಣ್ಣನದು ಕೆಳಗೆ. ಮಳೆ ನಿಂತ ಮೇಲೆ ಇಬ್ಬರೂ ಸೇರಿ ಕಲ್ಲು, ಮಣ್ಣು, ಸೊಪ್ಪು ತುಂಬಿ ತೋಡಿಗೆ ಅಡ್ಡ ಕಟ್ಟ ಹಾಕುತ್ತಿದ್ದರು. ಮಣ್ಣಿನ ಕಟ್ಟ ಸೋರುತ್ತದೆ. ಆ ಸೋರಿಕೆಯೇ ಕೆಳಗಿನವನ ಪಾಲು, ಹಿಂದಿನಿಂದ ಹಾಗೆಯೇ. ಆ ವರ್ಷ ದೇಜಪ್ಪ ಕಟ್ಟಕ್ಕೆ ದಪ್ಪ ಪ್ಲಾಸ್ಟಿಕ್ ಶೀಟ್ ಹೊದಿಸಿದ. ಹನಿ ಸೋರಲಿಲ್ಲ. ಬಾಬುವಿನ ಸುಗ್ಗಿ ಪೈರು, ಮಳೆಗಾಲದ ನಂತರದ ಎರಡನೇ ಬೆಳೆ, ತೆನೆ ಬರುವ ಮೊದಲೇ ಸುಟ್ಟುಹೋಯಿತು.

ಬಾಬು ಕತ್ತಿ ಹಿಡಿದು ಹೋಗಿ ಶೀಟ್ ಸೀಳಿದ. ದೇಜಪ್ಪ ಪಿಕ್ಕಾಸಿನ ಹಿಡಿಯಿಂದ ಅಣ್ಣನ ಬಲಗೈಗೆ ಹೊಡೆದ. ಬಿದ್ದ ಮೇಲೂ ಹೊಡೆದ, ಮೊಣಕೈಯ ಎಲುಬು ಚರ್ಮ ಹರಿದು ಹೊರಬರುವ ತನಕ. ಬಾಬುವಿನ ಹೆಂಡತಿ ಲೀಲಕ್ಕ ತೋಡಿನ ಕಲ್ಲೆತ್ತಿ ಮೈದುನನ ಬಾಯಿಗೇ ಅಪ್ಪಳಿಸಿದರು. ಅವನ ಮುಂದಿನ ಹಲ್ಲು ಉದುರಿತು. ಮರುದಿನ ಅವನು ಹೊಸ ಶೀಟ್ ಹಾಕಿಸಿದ.

ಪೈರು ಹೋಗಿತ್ತು. ಬಾವಿಗಾದರೂ ತೋಡಿನ ಒಸರು ಬೇಕಲ್ಲ? ಶೀಟ್ ತೆಗೆಸಲು ನಾನು ಬಾಬುವಿನ ಪರವಾಗಿ ಮಧ್ಯಂತರ ಆದೇಶ ಕೇಳಿದೆ. ಎದುರು ಕಡೆಯ ಹಿರಿಯ ವಕೀಲರು ನಕ್ಕರು: "ಘಟ್ಟದ ಬುಡದಲ್ಲಿ ನೀರಿಲ್ಲವಂತೆ ಸ್ವಾಮಿ! ಇವರ ಮನೆಯ ಕೊಡೆ ಆರು ತಿಂಗಳು ಒಣಗುವುದಿಲ್ಲ."

"ಜುಲೈಯ ಮಳೆ ಜನವರಿಗೆ ಉಳಿಯುವುದಿಲ್ಲ. ಉಳಿದದ್ದು ಆ ಶೀಟಿನ ಹಿಂದೆ ಉಂಟು," ಎಂದೆ.

ಆದೇಶ ಸಿಕ್ಕಿತು. ಪೊಲೀಸರ ಎದುರೇ ಶೀಟ್ ತೆಗೆಸಿದೆವು. ಜೀಪು ಹೋದ ಮರುದಿನ ದೇಜಪ್ಪನ ಇಬ್ಬರು ಮಕ್ಕಳು ಬಾಬುವಿನ ದನದ ಹಟ್ಟಿಗೆ ನುಗ್ಗಿ ಹಾಲು ಕರೆಯುವ ದನದ ಹಿಂಗಾಲು ಕಡಿದರು. ಲೀಲಕ್ಕನನ್ನು ಕೂದಲು ಹಿಡಿದು ಬಾವಿಕಟ್ಟೆಗೆ ಎಳೆದರು. ಅವರ ಕಣ್ಣೆದುರೇ ಬಾವಿಗೆ ಡೀಸೆಲ್ ಸುರಿದು, "ಕುಡಿಯಿರಿ ದೊಡ್ಡಮ್ಮ, ಕೋರ್ಟಿನ ನೀರು," ಎಂದರು.

ಸುದ್ದಿ ತಿಳಿದು ನಾನು ಹೋದಾಗ ಲೀಲಕ್ಕ ಗೋಣಿಗೆ ಪಾತ್ರೆ ತುಂಬುತ್ತಿದ್ದರು.

"ಹೋಗಬೇಡಿ ಅಕ್ಕ, ಕೇಸ್ ಗಟ್ಟಿ ಉಂಟು. ಹೋದರೆ ಅವರೇ ಗೆದ್ದ ಹಾಗೆ."

"ಗೆಲ್ಲಲಿ ಮಾರಾಯ್ರೆ. ನೀವು ಸಂಜೆ ಬಸ್ಸಿಗೆ ಹೋಗ್ತೀರಿ. ನಾಳೆ ತೋಡಿಗೆ ಇಳಿಯುವುದು ಯಾರು? ಇವರಿಗೆ ಕೈ ಎತ್ತಲಿಕ್ಕೆ ಆಗುವುದಿಲ್ಲ."

"ಪೊಲೀಸರಿಗೆ ಹೇಳ್ತೇನೆ."

"ಅವರು ದಿನಾ ಬಂದು ಕಟ್ಟ ಕಾಯ್ತಾರಾ?" ಎಂದ ಬಾಬು, ಗೋಡೆಗೆ ಒರಗಿಯೇ.

ನಾನು ಇನ್ನೆರಡು ಸೆಕ್ಷನ್ ಹೇಳಿದೆ. ಲೀಲಕ್ಕ ಗೋಣಿಯ ಬಾಯಿ ಬಿಗಿದು ಕಟ್ಟಿದರು.

ಮೂರು ವರ್ಷದ ನಂತರ ದೇಜಪ್ಪನಿಗೂ ಮಕ್ಕಳಿಗೂ ಶಿಕ್ಷೆಯಾಯಿತು. ಹೇಳಲು, ಬಾಬು ಮತ್ತು ಲೀಲಕ್ಕ ಊರು ಬಿಟ್ಟು ನೆಲೆಸಿದ್ದ ಫರಂಗಿಪೇಟೆಗೆ ಹೋದೆ. ಹೋಟೆಲೊಂದರ ಹಿಂದೆ ಲೀಲಕ್ಕ ನಲ್ಲಿ ಪೂರ್ತಿ ತಿರುಗಿಸಿ ಪಾತ್ರೆ ತೊಳೆಯುತ್ತಿದ್ದರು. "ಒಳ್ಳೆದಾಯ್ತು," ಎಂದರು. ಊರಿಗೆ ಮರಳುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ಕುಟುಂಬ ಊರು ಬಿಟ್ಟಿತೆಂದರೆ ಮಳೆಯ ಲೆಕ್ಕ ಕೇಳಿ ಸುಮ್ಮನಾಗಬಾರದು. ಉಳಿದ ನೀರು ಯಾರ ಬಳಿ ಇತ್ತು, ಅವರ ಕೈಯಲ್ಲಿ ಏನಿತ್ತು ಎಂದೂ ಕೇಳಬೇಕು. ಈ ವೃತ್ತಿ ನನಗೆ ಕಲಿಸಿದ್ದು ಅಷ್ಟು. ಬರ ಎಂದು ಹೇಳಿ ಮುಗಿಸಿದರೆ ಆರೋಪಿಗಳೆಲ್ಲ ಖುಲಾಸೆ.