ಮೇ ಬಿ ಡ್ಯೂ ಟು

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ‘ಮೇ ಬಿ ಡ್ಯೂ ಟು’ ಅನ್ನುವ ನಾಲ್ಕು ಪದಗಳನ್ನು ಕಣ್ಣು ಮುಚ್ಚಿಕೊಂಡು ಬರೀತೀನಿ. ಮಾಚೇನಹಳ್ಳಿಯ ಸಣ್ಣ ಫೌಂಡ್ರಿಯೊಂದರಲ್ಲಿ, ಎರಕ ಹೊಯ್ದ ಕಬ್ಬಿಣದ ಪೀಸುಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಕೆಟ್ಟ ಪೀಸಿಗೆ ರಿಪೋರ್ಟ್ ಬರೀಬೇಕು. ಕಾರಣದ ಕಾಲಂ ಖಾಲಿ ಬಿಟ್ಟರೆ ಮ್ಯಾನೇಜರ್ ವಾಪಸ್ ಕಳಿಸ್ತಾರೆ. ‘ಗೊತ್ತಿಲ್ಲ’ ಅಂತಲೂ ಬರೆಯೋ ಹಾಗಿಲ್ಲ. ಈ ನಾಲ್ಕು ಪದ ಹಾಕಿ ಮುಂದೆ ಏನಾದರೊಂದು ಸೇರಿಸಿದರೆ ಮುಗೀತು, ಬಸ್ಸು ಹಿಡಿದು ಗೋಪಾಳ ಬಡಾವಣೆಯ ಮನೆ ಸೇರಬಹುದು.

ಹೋದ ವರ್ಷ ಒಂದು ಸಂಜೆ ಇಡೀ ಲಾಟೇ ಕೆಟ್ಟಿತ್ತು. ಪೀಸಿನ ತುಂಬ ಗಾಳಿಗುಳ್ಳೆ. ಮರಳಿನ ಅಚ್ಚಿನಲ್ಲಿ ನೀರು ಜಾಸ್ತಿಯಾದರೆ ಹಾಗಾಗುತ್ತೆ. ಯಾಕೆ ಜಾಸ್ತಿಯಾಯ್ತು ಅಂತ ಹೋಗಿ ನೋಡಬೇಕಿತ್ತು. ಶೆಡ್ಡಿನ ಆ ತುದಿವರೆಗೆ ಯಾರು ನಡೀತಾರೆ, ಬಸ್ಸಿಗೆ ಬೇರೆ ಹೊತ್ತಾಗಿತ್ತು! ‘ಮೇ ಬಿ ಡ್ಯೂ ಟು ಮೋಲ್ಡರ್ ನೆಗ್ಲಿಜೆನ್ಸ್’ ಅಂತ ಗೀಚಿ ಹೊರಟೆ.

ಅಚ್ಚು ಕಟ್ಟುತ್ತಿದ್ದವರು ಭದ್ರಾವತಿಯಿಂದ ಬರುವ ಹಿರಿಯರು. ಮನೆಮಾತು ತಮಿಳು. ನಾವೆಲ್ಲ ಅಣ್ಣ ಅಂತೀವಿ. ಮರಳನ್ನು ಮುಷ್ಟಿಯಲ್ಲಿ ಹಿಡಿದೇ ತೇವ ಎಷ್ಟಿದೆ ಅಂತ ಹೇಳುವ ಮನುಷ್ಯ. ಮರುದಿನ ಬೆಳಿಗ್ಗೆ ನೋಡ್ತೀನಿ, ಅಣ್ಣ ಅಚ್ಚಿನ ಹತ್ತಿರ ಇಲ್ಲ, ಶೆಡ್ಡಿನ ಹೊರಗೆ ಕಸ ಗುಡಿಸ್ತಿದ್ದಾರೆ.

“ನೀವೇ ಬರೆದಿದ್ದೀರಲ್ಲ ಮೇಡಂ” ಅಂದರು ಮ್ಯಾನೇಜರ್.

“ಮೇ ಬಿ ಅಂತ ಬರೆದಿದ್ದೆ ಸಾರ್!”

“ಅದು ಎಲ್ಲಾ ರಿಪೋರ್ಟಲ್ಲೂ ಇರುತ್ತೆ. ಅದನ್ನ ಯಾರು ಓದ್ತಾರೆ?”

ಮೈಯೆಲ್ಲಾ ಉರೀತು. ಅವರ ಮೇಲಲ್ಲ, ನನ್ನ ಮೇಲೇ. ನೆಟ್ಟಗೆ ಮರಳು ಕಲೆಸುವ ಮಿಷನ್ ಹತ್ತಿರ ಹೋದೆ. ವಾಲ್ವ್ ಬಂದ್ ಮಾಡಿದ್ದರೂ ನೀರು ತೊಟತೊಟ ಸೋರ್ತಿತ್ತು. “ಮರಳು ಒದ್ದೆ ಇದೆ ಅಂತ ಅಣ್ಣ ನಿನ್ನೆ ಬೆಳಿಗ್ಗೆಯೇ ಹೇಳಿದ್ರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ” ಅಂದಳು ಮಿಷನ್ ನೋಡಿಕೊಳ್ಳುವವಳು. ಇಷ್ಟು ನೋಡೋಕೆ ನಿಂಗೇನು ಧಾಡಿಯಾಗಿತ್ತು ಮಾರಾಯ್ತಿ ಅಂತ ನನಗೆ ನಾನೇ ಬೈದುಕೊಂಡೆ.

ಹೊಸ ರಿಪೋರ್ಟ್ ಕೊಟ್ಟೆ. ಅಣ್ಣ ಅಚ್ಚಿಗೆ ವಾಪಸ್ ಹೋಗಲಿ ಅಂತ ಮ್ಯಾನೇಜರ್ ಹೇಳಿದ್ದೂ ಆಯ್ತು. ಆದರೆ ಅವರು ಪೊರಕೆ ಕೆಳಗಿಡಲಿಲ್ಲ.

“ನಾನೇನು ತಪ್ಪು ಮಾಡಿದೆ ಅಂತ ಎಲ್ರೂ ಕೇಳ್ತಿದ್ದಾರೆ ಮೇಡಂ. ನಂಗೂ ಗೊತ್ತಿಲ್ಲ. ನಿನ್ನೆ ಬರೆದಿದ್ದನ್ನ ಎಲ್ರೆದುರು ಒಂದ್ಸಲ ಓದಿಬಿಡಿ. ಕನ್ನಡದಲ್ಲಿ.”

ಊಟದ ಹೊತ್ತಿಗೆ ಎಲ್ಲರೂ ಸೇರಿದ್ದರು. ಹಾಳೆ ಹಿಡಿದು “ಬಹುಶಃ” ಅಂದೆ. ಮುಂದೆ ‘ಅಣ್ಣನ ಬೇಜವಾಬ್ದಾರಿಯಿಂದ’ ಅನ್ನಬೇಕಿತ್ತು. ಅವರು ಎದುರಿಗೇ ನಿಂತಿದ್ದರು. ಹಾಳೆ ಮಡಿಚಿಬಿಟ್ಟೆ. ನಾಚಿಕೆಯಾಗಿ ಅಳು ಬಂತು.

“ನಾನು ನೋಡದೇ ಬರೆದೆ ಅಣ್ಣಾ. ತಪ್ಪು ನಂದು.”

“ಅದನ್ನ ಹಾಗೇ ಬರೀರಿ ಮೇಡಂ. ಮೇ ಬಿ ಬೇಡ” ಅಂದರು. ಪೊರಕೆಯನ್ನು ನನ್ನ ಕೈಗೆ ಕೊಟ್ಟು ಮರಳಿನ ಕಡೆ ನಡೆದರು.