ಕೀಲಿಗೊಂಚಲಿನ ಮಾರ್ಲಿಸ್

ಸ್ಪೊಕೇನ್ ಊರಿನ ಉತ್ತರಕ್ಕೆ, ಮನ್ರೋ ರಸ್ತೆಯಿಂದ ಸ್ವಲ್ಪ ಒಳಗೆ, ಕೆಂಪು ಇಟ್ಟಿಗೆಯ ಮೂರಂತಸ್ತಿನ ಕಟ್ಟಡವೊಂದಿತ್ತು. ಮಾರ್ಲಿಸ್ ಹೌಗೆನ್ ಅಲ್ಲಿಗೆ ಬಾಡಿಗೆಗೆ ಬಂದಾಗ ಅವಳ ಮದುವೆ ಮುರಿದು ಆರು ತಿಂಗಳೂ ಆಗಿರಲಿಲ್ಲ. ಲಾರಿ ಓಡಿಸುತ್ತಿದ್ದ ಗಂಡ ಮೊಂಟಾನಾ ಕಡೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ನಿಂತುಬಿಟ್ಟಿದ್ದ. ಮಕ್ಕಳಿರಲಿಲ್ಲ. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಕೈಯಲ್ಲಿ ಒಂದು ಸೂಟ್‌ಕೇಸು, ಒಂದು ಟೋಸ್ಟರ್ ಹಿಡಿದು ಬಂದವಳನ್ನು ಕಟ್ಟಡದ ಮಾಲೀಕ ಗೀನೊ ಮರಾಸ್ಕೊ ಅಡಿಯಿಂದ ಮುಡಿಯವರೆಗೆ ನೋಡಿ, ಹಿಮ ಬಾಚೋಕೆ ಬರುತ್ತಾ ಅಂತ ಒಂದೇ ಪ್ರಶ್ನೆ ಕೇಳಿದ. ಬರುತ್ತೆ ಅಂದಳು. ಮನೆ ಸಿಕ್ಕಿತು.

ಹಿಮ ಬಾಚುವುದರಿಂದ ಶುರುವಾದದ್ದು ಮೆಲ್ಲಗೆ ಇಡೀ ಕಟ್ಟಡದ ಉಸ್ತುವಾರಿಯಾಯಿತು. ಯಾರ ನಲ್ಲಿ ಸೋರುತ್ತದೆ, ಯಾರ ಹೀಟರ್ ಕೆಮ್ಮುತ್ತದೆ, ಎಲ್ಲ ಅವಳಿಗೇ ಹೇಳಬೇಕು. ಮರಾಸ್ಕೊ ಅವಳ ಬಾಡಿಗೆಯನ್ನು ಅರ್ಧ ಇಳಿಸಿ, ಎಲ್ಲ ಮನೆಗಳ ಕೀಲಿಗೊಂಚಲನ್ನು ಅವಳ ಕೈಗೆ ಕೊಟ್ಟ. ಆ ಗೊಂಚಲನ್ನು ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು. ಮೆಟ್ಟಿಲ ಮೇಲೆ ಝಣಝಣ ಕೇಳಿದರೆ ಸಾಕು, ಮಾರ್ಲಿಸ್ ಬಂದಳು ಅಂತ ಜನ ತಾವಾಗಿಯೇ ಬಾಗಿಲು ತೆರೆಯುತ್ತಿದ್ದರು.

ಅವಳ ಎದುರುಮನೆಯವಳು ನೇವಾ ಟಟ್ಲ್. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಲ್ಲಿ ಜೀವ ಸವೆಸಿ ನಿವೃತ್ತಳಾದವಳು, ನಾಲಿಗೆ ಮಾತ್ರ ಇನ್ನೂ ಇಸ್ತ್ರಿಪೆಟ್ಟಿಗೆಯಷ್ಟೇ ಬಿಸಿ. ಮಾರ್ಲಿಸ್ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಲಗಿದ್ದಾಗ ನೇವಾ ದಿನವೂ ಸೂಪು ತಂದಿಟ್ಟು, "ನಿನ್ನ ಶಾಲೆಯ ಮಕ್ಕಳು ಅದೃಷ್ಟವಂತರು ಕಣೇ, ಒಂದು ತಿಂಗಳು ನಿನ್ನ ಅಡುಗೆಯಿಂದ ಬಚಾವಾದ್ರು" ಅನ್ನುತ್ತಿದ್ದಳು. ಆಗಸ್ಟ್ ಬಂತೆಂದರೆ ಇಬ್ಬರೂ ಬೆಟ್ಟಕ್ಕೆ ಹೋಗಿ ಹಕಲ್‌ಬೆರ್ರಿ ಹಣ್ಣು ಬಿಡಿಸಿ ತಂದು, ಒಂದೇ ಒಲೆಯ ಮೇಲೆ ಜಾಮ್ ಮಾಡಿ ಹಂಚಿಕೊಳ್ಳುತ್ತಿದ್ದರು.

ಮರಾಸ್ಕೊ ಕೊರೋನಾದ ಎರಡನೇ ಚಳಿಗಾಲದಲ್ಲಿ ತೀರಿಕೊಂಡ. ಮಗಳು ಅರಿಜೋನಾದಲ್ಲಿದ್ದಳು, ಅವಳಿಗೆ ಕಟ್ಟಡ ಬೇಕಿರಲಿಲ್ಲ. ಅಷ್ಟರಲ್ಲಿ ಊರಿನ ಗಾಳಿಯೇ ಬದಲಾಗಿತ್ತು. ಸಿಯಾಟಲ್‌ನಲ್ಲಿ ನೌಕರಿ ಇಟ್ಟುಕೊಂಡು ಮನೆಯಲ್ಲೇ ಕೂತು ಕೆಲಸ ಮಾಡುವವರು ಗುಡ್ಡ ದಾಟಿ ಸ್ಪೊಕೇನ್‌ಗೆ ಬರತೊಡಗಿದ್ದರು. ಖಾಲಿ ಮನೆ ಅಂತ ಬೋರ್ಡು ಹಾಕಿದರೆ ಸಂಜೆಯೊಳಗೆ ಬಾಗಿಲ ಮುಂದೆ ಸಾಲು ನಿಲ್ಲುತ್ತಿತ್ತು. ಹೊರರಾಜ್ಯದ ಕಂಪನಿಯೊಂದು ಕಟ್ಟಡವನ್ನು ಕೊಂಡಿತು. ಅದರ ಪರವಾಗಿ ಬಂದವನು ಕಾಲಿನ್, ಮೂವತ್ತರೊಳಗಿನ ಹುಡುಗ, ನಗುಮುಖ. ಬರುವಾಗ ಡೋನಟ್ ತಂದಿದ್ದ. ಮಾರ್ಲಿಸ್‌ಳ ಅಡುಗೆಮನೆಯಲ್ಲಿ ಕೂತು, ಅವಳ ಮನೆಯೂ ಕೆಲಸವೂ ಹಾಗೇ ಇರುತ್ತವೆ, ಬಾಡಿಗೆಯನ್ನೂ ಕೇಳುವುದಿಲ್ಲ ಎಂದ. "ಈ ಕಟ್ಟಡ ಅಂದ್ರೆ ನೀವೇ, ಮಾರ್ಲಿಸ್. ನೀವು ನಮ್ಮವರು" ಎಂದ.

ಇಷ್ಟು ವರ್ಷದಲ್ಲಿ ಮರಾಸ್ಕೊ ಒಮ್ಮೆಯೂ ಅಂಥ ಮಾತಾಡಿದವನಲ್ಲ. ಮಾರ್ಲಿಸ್ ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಕಂಪನಿ ಮನೆಗಳನ್ನೆಲ್ಲ ಒಡೆದು ಹೊಸದು ಮಾಡುತ್ತದೆಂದೂ, ಅದಕ್ಕೆ ಎಲ್ಲರೂ ಬಿಡಬೇಕೆಂದೂ ಸುದ್ದಿ ಬಂದದ್ದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದುಮುಂದು. ಸ್ವಂತ ಇಚ್ಛೆಯಿಂದ ಬಿಡುತ್ತೇವೆಂದು ಬಾಡಿಗೆದಾರರಿಂದ ಸಹಿ ಹಾಕಿಸಿಕೊಳ್ಳಬೇಕಿತ್ತು. ಆ ಕೆಲಸ ಮಾರ್ಲಿಸ್‌ಳದಾಯಿತು. ರಿಪೇರಿ ಮುಗಿದ ಮೇಲೆ ಹಳಬರಿಗೇ ಮೊದಲು ಮನೆ ಕೊಡುತ್ತೇವೆ ಎಂದು ಕಾಲಿನ್ ಬಾಯಿಮಾತಲ್ಲಿ ಹೇಳಿದ್ದ. ಅವಳು ಅದನ್ನು ನಂಬಿದಳು. ನಂಬದಿದ್ದರೆ ಮನೆಮನೆಗೆ ಹೋಗಿ ಹೇಳಲು ಆಗುತ್ತಿರಲಿಲ್ಲ, ಅದಕ್ಕೂ ನಂಬಿದಳು. ಒಬ್ಬೊಬ್ಬರ ಮನೆಯಲ್ಲೂ ಕೂತು, ತಕರಾರು ಮಾಡಿದರೆ ಅವರಿಗೆ ಸಿಟ್ಟು ಬರುತ್ತದೆ, ಸುಮ್ಮನಿದ್ದರೆ ನಾನೇ ಮಾತಾಡಿ ಒಳ್ಳೆಯದು ಮಾಡಿಸುತ್ತೇನೆ ಎಂದು ಒಪ್ಪಿಸಿದಳು. ನೇವಾ ಕನ್ನಡಕ ಹುಡುಕುತ್ತ, "ಇದನ್ನ ಓದ್ಬೇಕಾ, ಇಲ್ಲ ನೀನು ಓದಿದ್ದೀಯಾ?" ಎಂದು ಕೇಳಿದಳು. ಓದಿದ್ದೇನೆ ಅಂದಳು ಮಾರ್ಲಿಸ್. ಓದಿರಲಿಲ್ಲ. ನೇವಾ ಸಹಿ ಹಾಕಿದಳು.

ಹಾಕದೆ ಉಳಿದವನು ಮೇಲಂತಸ್ತಿನ ಲೈಲ್ ಕೊಸ್ಕಿ. ರೈಲ್ವೆಯಿಂದ ನಿವೃತ್ತನಾದವನು, ಕಾರ್ಮಿಕ ಸಂಘದ ಹೋರಾಟ ಕಂಡವನು. ಬಾಡಿಗೆದಾರರ ಹಕ್ಕಿನ ಬಗ್ಗೆ ತಿಳಿದ ಹೆಂಗಸೊಬ್ಬಳನ್ನು ಅವನು ಗೊತ್ತು ಮಾಡಿದ. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ ಒಂದೇ ಎಲ್ಲರೂ ಕೂರುವಷ್ಟು ದೊಡ್ಡದು. ಗುರುವಾರ ಸಂಜೆ ಅಲ್ಲಿ ಸೇರೋಣ ಎಂದು ಹೇಳಿಕಳಿಸಿದ. ಸಹಿ ಹಾಕಿದವರೂ ಬರಲಿ, ಅದನ್ನು ವಾಪಸು ತೆಗೆದುಕೊಳ್ಳಲು ಇನ್ನೂ ದಾರಿಯಿದೆಯಂತೆ ಎಂದ.

ಮಾರ್ಲಿಸ್ ಇದನ್ನು ಚಾಡಿಯಾಗಿ ಹೇಳಲಿಲ್ಲ. ಫೋನಿನಲ್ಲಿ ಬೇರೇನೋ ಮಾತಾಡುತ್ತ, ಜನ ಯೋಚನೆಯಲ್ಲಿದ್ದಾರೆ, ಗುರುವಾರ ಎಲ್ಲ ಸೇರುತ್ತಾರೆ ಎಂದು ಕಾಲಿನ್‌ಗೆ ತಿಳಿಸಿದಳು, ಅಷ್ಟೆ. ಅವನು, ನೆಲಮಾಳಿಗೆಯಲ್ಲಿ ಅಷ್ಟು ಜನ ಸೇರುವುದಕ್ಕೆ ವಿಮೆಯವರು ಒಪ್ಪುವುದಿಲ್ಲ, ಅವತ್ತು ಅದಕ್ಕೆ ಬೀಗ ಹಾಕಿಬಿಡಿ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಆಗುವುದಿಲ್ಲ ಎನ್ನುತ್ತಿದ್ದಳೋ ಏನೋ.

ಗುರುವಾರ ಮಧ್ಯಾಹ್ನದಿಂದಲೇ ಹಿಮ ಬೀಳುತ್ತಿತ್ತು. ನೆಲಮಾಳಿಗೆಯ ಬಾಗಿಲು ಕಟ್ಟಡದ ಹಿಂಬದಿಗೆ, ಹೊರಗಿನ ಮೆಟ್ಟಿಲ ಕೆಳಗಿತ್ತು. ಅವಳು ಬೀಗ ಹಾಕಿ ಮನೆಗೆ ಬಂದು ದೀಪ ಆರಿಸಿ ಕೂತಳು. ಕಿಟಕಿಯಿಂದ ಕೆಳಗೆ ಎಲ್ಲ ಕಾಣುತ್ತಿತ್ತು. ಲೈಲ್ ಬಾಗಿಲು ಎಳೆದು ನೋಡಿದ. ಒಬ್ಬೊಬ್ಬರಾಗಿ ಬಂದು ನಿಂತರು; ಉಸಿರಿನ ಹಬೆ, ಟೋಪಿಗಳ ಮೇಲೆ ಹಿಮ, ಒಬ್ಬಳ ಕಂಕುಳಲ್ಲಿ ಮಗು. ಲೈಲ್ ಕರೆಸಿದ್ದ ಹೆಂಗಸಿನ ಕಾರು ಗಲ್ಲಿಯಲ್ಲಿ ಎಂಜಿನ್ ಆರಿಸದೆ ನಿಂತಿತ್ತು.

ನೇವಾ ಮೇಲೆ ಬಂದು ಕದ ತಟ್ಟಿದಳು. "ಮಾರ್ಲಿಸ್, ಕೆಳಗಡೆ ಬೀಗ ಇದೆ. ಕೀಲಿ ಕೊಡು" ಎಂದಳು. ಮಾರ್ಲಿಸ್ ಕುರ್ಚಿಯಿಂದ ಎದ್ದರೆ ಸೊಂಟದ ಗೊಂಚಲು ಸದ್ದು ಮಾಡುತ್ತದೆಂದು ಅದನ್ನು ಮುಷ್ಟಿಯಲ್ಲಿ ಒತ್ತಿಕೊಂಡಿದ್ದಳು. ನೇವಾ ಇನ್ನೊಮ್ಮೆ ತಟ್ಟಲಿಲ್ಲ. "ಒಳಗಿದ್ದೀಯ ಅಂತ ಗೊತ್ತು ಕಣೇ" ಎಂದು ಮೆಲ್ಲಗೆ ಹೇಳಿದಳು. ಬೂಟಿನ ಸದ್ದು ಕೆಳಗಿಳಿಯಿತು.

ಲೈಲ್ ತನ್ನ ಮನೆಗೇ ಬನ್ನಿ ಎಂದು ಕರೆದ. ಅಷ್ಟು ಹೊತ್ತಿಗೆ ಜನ ಚಳಿಗೆ ಸೋತು ಚದುರುತ್ತಿದ್ದರು. ಕಂಪನಿಗೆ ಗೊತ್ತಾಗಿಬಿಟ್ಟಿದೆ ಎಂಬ ಭಯ ಬೇರೆ. ಮೂವರೋ ನಾಲ್ವರೋ ಹೋದರು, ಅಷ್ಟೆ. ಗಲ್ಲಿಯ ಕಾರು ಬೇಗನೆ ಹೊರಟುಹೋಯಿತು.

ಹಿಮ ಕರಗುವ ಹೊತ್ತಿಗೆ ಕಟ್ಟಡ ಖಾಲಿಯಾಗಿತ್ತು; ಒಂಟಿಯಾಗಿ ಉಳಿದ ಲೈಲ್ ಕೂಡ ಕೊನೆಗೆ ಬಿಟ್ಟುಹೋಗಿದ್ದ. ನೇವಾ ಊರೆಲ್ಲ ಮನೆ ಹುಡುಕಿದಳು. ಹೋದಲ್ಲೆಲ್ಲ ಅರ್ಜಿಗೆಂದು ದುಡ್ಡು ಕಿತ್ತುಕೊಂಡು, ಬಾಡಿಗೆಯ ಮೂರು ಪಟ್ಟು ವರಮಾನ ತೋರಿಸಿ ಎನ್ನುತ್ತಿದ್ದರು. ಇಸ್ತ್ರಿ ಅಂಗಡಿಯ ಪಿಂಚಣಿಯಲ್ಲಿ ಅದೆಲ್ಲಿಂದ ಬರಬೇಕು? ಕೊನೆಗೆ ಅವಳು ಗುಡ್ಡದಾಚೆ ಐಡಾಹೋದ ಕೆಲಾಗ್‌ನಲ್ಲಿ, ಅಣ್ಣನ ಮಗನ, ಚಕ್ರದ ಮೇಲೆ ನಿಂತ ಟ್ರೇಲರ್ ಮನೆ ಸೇರಿದಳು. ಹೊರಡುವ ದಿನ ಮಾರ್ಲಿಸ್ ಪೆಟ್ಟಿಗೆ ಹೊರಲು ಹೋದಳು. ನೇವಾ ಬೇಡ ಎನ್ನಲಿಲ್ಲ, ಯಾವ ಪೆಟ್ಟಿಗೆ ಎಲ್ಲಿಗೆಂದು ಬೆರಳಲ್ಲೇ ತೋರಿಸಿದಳು.

ಹೊಸ ಮನೆಗಳಿಗೆ ಬೂದು ಬಣ್ಣ, ಅಡುಗೆಮನೆಗೆ ಕಲ್ಲಿನ ಕಟ್ಟೆ ಬಂದವು. ಬಾಡಿಗೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹಳಬರಲ್ಲಿ ಯಾರನ್ನೂ ಕರೆಯಲಿಲ್ಲ. ಮಾರ್ಲಿಸ್ ಎರಡು ಸಲ ಕಾಲಿನ್‌ಗೆ ನೆನಪು ಮಾಡಿದಳು, ಅವನು ಮೇಲಿನವರನ್ನು ಕೇಳುತ್ತೇನೆ ಅಂದ. ಅವಳೇ ಹೊಸಬರಿಗೆ ಮನೆ ತೋರಿಸಿದಳು. ನೇವಾಳ ಅಡುಗೆಮನೆಯಿದ್ದ ಜಾಗದಲ್ಲಿ ನಿಂತು ಸಿಯಾಟಲ್‌ನ ಒಂದು ಜೋಡಿ, ನಮ್ಮೂರಿಗೆ ಹೋಲಿಸಿದರೆ ಇದು ಪುಕ್ಕಟೆ ಎಂದು ನಕ್ಕರು. ಅವರು ಕೆಟ್ಟವರಲ್ಲ. ಬಂದ ವಾರವೇ ಅವಳಿಗೆ ಕೇಕ್ ತಂದುಕೊಟ್ಟರು.

ಎಲ್ಲ ಮನೆ ತುಂಬಿದ ಮೇಲೆ ಕಾಲಿನ್ ಬಂದ. ಈ ಸಲವೂ ಡೋನಟ್ ತಂದಿದ್ದ. ಇನ್ನು ಮೇಲೆ ಬಾಗಿಲುಗಳು ಫೋನಿನಲ್ಲೇ ತೆರೆಯುತ್ತವೆ, ದೂರುಗಳೂ ಫೋನಿನಲ್ಲೇ ಬರುತ್ತವೆ, ಉಸ್ತುವಾರಿಗೆ ಒಬ್ಬರು ಇಲ್ಲೇ ಇರಬೇಕಾದ ಅಗತ್ಯ ಕಂಪನಿಗೆ ಕಾಣುತ್ತಿಲ್ಲ ಎಂದು ವಿವರಿಸಿದ. ಮನೆ ಆ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸವಿಲ್ಲವೆಂದರೆ ಮನೆಯೂ ಇಲ್ಲ.

"ನಾನು ನಿಮ್ಮವಳು ಅಂದಿದ್ರಿ" ಎಂದಳು ಮಾರ್ಲಿಸ್.

"ಅಂದಿದ್ದೆ. ಈಗಲೂ ಅದೇ ಮಾತು" ಎಂದ ಕಾಲಿನ್. "ನಿಮಗೆ ಒಳ್ಳೆ ಶಿಫಾರಸು ಕೊಡ್ತೀನಿ. ಎಲ್ಲಿ ಮನೆ ಕೇಳಿದ್ರೂ ನನ್ನ ಹೆಸರು ಹೇಳಿ."

ಅವಳು ಹೇಳಿದಳು ಕೂಡ, ನಾಲ್ಕಾರು ಕಡೆ. ಶಾಲೆಯ ಅಡುಗೆಯವಳ ಸಂಬಳ ಎಷ್ಟೆಂದು ಕೇಳಿದ ಮೇಲೆ ಅವನ ಹೆಸರನ್ನು ಯಾರೂ ಕೇಳಲಿಲ್ಲ. ಕೊನೆಗೆ ಪೂರ್ವದ ಹೊರವಲಯದಲ್ಲಿ ಎಳೆಯ ದಂಪತಿಯೊಬ್ಬರ ಮನೆಯ ಹಿಂಬದಿಯ ಒಂದು ಕೋಣೆ ಸಿಕ್ಕಿತು. ಅಡುಗೆಮನೆಯನ್ನು ಸಂಜೆ ಅವರ ಊಟವಾದ ಮೇಲೆ ಬಳಸಬಹುದು, ಮೀನು ಹುರಿಯುವಂತಿಲ್ಲ.

ಮರುವರ್ಷದ ಬೇಸಿಗೆಯಲ್ಲಿ, ಒಂದು ಭಾನುವಾರ, ಅವಳು ತನ್ನ ಹಳೇ ಕಾರಿನಲ್ಲಿ ಗುಡ್ಡ ದಾಟಿ ಕೆಲಾಗ್‌ಗೆ ಹೋದಳು. ಕ್ಷಮೆ ಕೇಳಲು ಹೊರಟಿದ್ದೇನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ನೇವಾ ಟ್ರೇಲರ್‌ನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದಳು. ಇಳಿದುಹೋಗಿದ್ದಳು. ಬಾ ಎಂದಳು, ಕಾಫಿ ಕೊಟ್ಟಳು, ಮಂಡಿ ಹೇಗಿದೆ ಎಂದು ಕೇಳಿದಳು. ಬ್ಯಾಂಕಿನಲ್ಲಿ ಪರಿಚಯದವರು ಸಿಕ್ಕರೆ ಆಡುವಂಥ ಮಾತು.

ಮಾರ್ಲಿಸ್ ತನ್ನ ಮನೆ ಹೋದ ಕತೆ ಹೇಳಿದಳು.

"ಗೊತ್ತು, ಲೈಲ್ ಫೋನ್ ಮಾಡಿದ್ದ" ಎಂದಳು ನೇವಾ. "ಕೇಳಿ ಖುಷಿಯಾಗುತ್ತೆ ಅಂದ್ಕೊಂಡಿದ್ದೆ. ಆಗಲಿಲ್ಲ. ಅಯ್ಯೋ ಪಾಪ ಅಂತಲೂ ಅನ್ನಿಸಲಿಲ್ಲ."

"ಅವನು ನನಗೂ ಮೋಸ ಮಾಡಿದ, ನೇವಾ."

"ಆ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಅವನು ಬಂದು ಸಹಿ ಹಾಕಿ ಅಂದಿದ್ರೆ ಒಬ್ಬರೂ ಹಾಕ್ತಿರಲಿಲ್ಲ. ನೀನು ಬಂದೆ. ನನ್ನ ಕುರ್ಚೀಲಿ ಕೂತೆ, ನನ್ನ ಕಾಫಿ ಕುಡಿದೆ, ಓದಿದ್ದೀನಿ ಅಂದೆ." ನೇವಾ ಬೀನ್ಸ್ ಮುರಿಯುವುದನ್ನು ನಿಲ್ಲಿಸಲಿಲ್ಲ. "ನೀನು ಕೆಟ್ಟವಳಾಗಿದ್ರೆ ನಾವು ಹುಷಾರಾಗಿರ್ತಿದ್ವಿ ಕಣೇ."

ಮಾರ್ಲಿಸ್‌ಳ ಕಣ್ಣು ಟ್ರೇಲರ್‌ನ ಒಳಗೆ ಹೋಯಿತು. ಒಂದು ಮಂಚ, ಅದರ ಪಕ್ಕ ಪೆಟ್ಟಿಗೆಗಳು, ಪೆಟ್ಟಿಗೆಗಳಾಚೆ ಒಬ್ಬರು ಮಲಗಬಹುದಾದಷ್ಟು ನೆಲ. ನೇವಾ ಆ ನೋಟವನ್ನು ಕಂಡಳು.

"ಇಲ್ಲಿ ಜಾಗ ಇಲ್ಲ" ಎಂದಳು.

ತಾನು ಯಾಕೆ ಬಂದೆನೆಂದು ಮಾರ್ಲಿಸ್‌ಗೆ ಆಗಲೇ ಗೊತ್ತಾದದ್ದು. ಕಾಫಿ ಲೋಟ ತೊಳೆದಿಟ್ಟು ಹೊರಟಳು. ನೇವಾ ಎದ್ದು ಕಳಿಸಿಕೊಡಲಿಲ್ಲ.

ಮಾರ್ಲಿಸ್ ಈಗಲೂ ಶಾಲೆಯ ಅಡುಗೆಮನೆಯಲ್ಲಿದ್ದಾಳೆ. ವಯಸ್ಸಾದವರಿಗೆಂದು ಕಟ್ಟಿದ ಸರ್ಕಾರಿ ಮನೆಗೆ ಹೆಸರು ಬರೆಸಿದ್ದಾಳೆ, ಅಲ್ಲಿ ಯಾರಾದರೂ ಸತ್ತರೆ ಒಂದು ಮನೆ ಖಾಲಿಯಾಗುತ್ತದೆ. ಮೊನ್ನೆ ಆ ದಂಪತಿ ಕದ ತಟ್ಟಿ, ಹಿಂಜರಿಯುತ್ತ, ಮುಂದಿನ ತಿಂಗಳಿಂದ ಕೋಣೆಯ ಬಾಡಿಗೆ ಏರಿಸಬೇಕಾಗಿದೆ, ಸುತ್ತಮುತ್ತ ಎಲ್ಲ ಹಾಗೇ ನಡೆಯುತ್ತಿದೆ ಎಂದರು. ಆಗಲಿ ಎಂದಳು. ಎಷ್ಟು ಎಂದು ಕೇಳಲು ಮರೆತು, ಅವರು ಹೋದ ಮೇಲೆ ಎದ್ದುಹೋಗಿ ಕೇಳಿಕೊಂಡು ಬಂದಳು.